ಮಸ್ಕತ್ತಿನಲ್ಲಿ ಕಾಲುಸೂಪು ಕುದಿಸಿದ ತಪ್ಪಲೆ

ನಾನು ಒಂದು ತಪ್ಪಲೆ. ಎರಕದ ಅಲ್ಯೂಮಿನಿಯಂ ತಪ್ಪಲೆ. ತೂಕ ಮೂರೂವರೆ ಕಿಲೋ, ಹಿಡಿಯುವುದು ಎಂಟು ಲೀಟರು. ಕನ್ನಡಿಯ ಹಾಗೆ ಹೊಳೆಯುವ ಸ್ಟೀಲು ಪಾತ್ರೆಗಳ ಪಕ್ಕದಲ್ಲಿಟ್ಟರೆ ನನ್ನನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಅದಕ್ಕೆ ನನಗೆ ಬೇಸರವಿಲ್ಲ. ಪಾತ್ರೆಯನ್ನು ನೋಡಬೇಕಾದ್ದು ಒಲೆಯ ಮೇಲೆ, ಅದೂ ಎರಡು ಗಂಟೆ ಕಳೆದ ಮೇಲೆ.

ನಾನು ಹುಟ್ಟಿದ್ದು ಹಾಸನದ ಹೊರಗಿನ ಒಂದು ಎರಕದ ಶೆಡ್ಡಿನಲ್ಲಿ. ಮುರಿದ ಫ್ಯಾನಿನ ರೆಕ್ಕೆ, ತೂತು ಬಿದ್ದ ಹಾಲಿನ ಕ್ಯಾನು, ಇನ್ನೂ ಏನೇನೋ ಕರಗಿಸಿ ಮರಿಯಣ್ಣ ಎಂಬಾತ ಮರಳಿನ ಅಚ್ಚಿಗೆ ಸುರಿದ. ತಣಿದ ಮೇಲೆ ನನ್ನ ಬೆನ್ನಿಗೆ ಬೆರಳಿಂದ ಬಡಿದು ಕಿವಿಗೊಟ್ಟು ಕೇಳಿದ. ಸದ್ದು ತುಂಬಿ ಬಂತು. "ತಳ ದಪ್ಪ ಬಂದದೆ" ಎಂದು ಪಕ್ಕಕ್ಕಿಟ್ಟ. ನನ್ನ ಬಾಳಿನ ಮೊದಲ ಹೊಗಳಿಕೆ ಅದು.

ನನ್ನನ್ನು ಮನೆಗೆ ತಂದವರು ದೇವೀರಮ್ಮ. ಆ ಮನೆಯಲ್ಲಿ ಹನ್ನೊಂದು ವರ್ಷ ದುಡಿದೆ. ಅವರ ಮಗ ನಂಜೇಗೌಡ ವೆಲ್ಡಿಂಗ್ ಕಲಿತು ಮಸ್ಕತ್ತಿಗೆ ಹೊರಟಾಗ ದೇವೀರಮ್ಮ ನನ್ನನ್ನು ಅವನ ಕೈಚೀಲಕ್ಕೆ ತುರುಕಿದರು.

"ಅಲ್ಲೂ ಪಾತ್ರೆ ಸಿಕ್ತವೆ ಕಣವ್ವ."

"ಸಿಕ್ತವೆ. ತೆಳ್ಳುಗಿರ್ತವೆ. ತಳ ಹತ್ತುತ್ತೆ. ತಗಂಡ್ ಹೋಗ್ಲಾ."

ವಿಮಾನ ನಿಲ್ದಾಣದಲ್ಲಿ ತಪಾಸಣೆಯವರು ನನಗೆ ಸುತ್ತಿದ್ದ ಲುಂಗಿ ಬಿಚ್ಚಿ ನನ್ನನ್ನು ಹೊರಗೆ ತೆಗೆದರು. ಹೊಟ್ಟೆಯೊಳಗೆ ರಾಗಿಹಿಟ್ಟು, ಮೆಣಸು, ಧನಿಯ. "ಆ ದೇಶದಲ್ಲಿ ಪಾತ್ರೆ ಇಲ್ವೇನ್ರಿ?" ಎಂದರು. "ಇವೆ ಸಾರ್. ಅವ್ವ ಕೇಳ್ಬೇಕಲ್ಲ" ಎಂದ ನಂಜೇಗೌಡ. ಅವರು ನಕ್ಕು ಬಿಟ್ಟರು. ಹೀಗೆ ನಾನು ಸಮುದ್ರ ದಾಟಿದೆ.

ಮಸ್ಕತ್ತಿನ ಹೊರವಲಯದ ಕ್ಯಾಂಪಿನಲ್ಲಿ ಒಂದು ಕೋಣೆಗೆ ಆರು ಮಂಚ. ನಂಜೇಗೌಡನ ಪಕ್ಕದ ಮಂಚ ಚಲುವರಾಜನದು. ಮದ್ದೂರಿನ ಕಡೆಯವನು, ಕಟ್ಟಡಗಳಿಗೆ ಸಾರುವೆ ಕಟ್ಟುವವನು. ಎತ್ತರದಲ್ಲಿ ನಿಂತು ಹಾಡುತ್ತಾ ಕಂಬಿ ಬಿಗಿಯುವ ಆಳು. ಒಂದು ದಿನ ಎರಡನೇ ಮಹಡಿಯ ಸಾರುವೆಯಿಂದ ಬಿದ್ದು ಮೊಣಕಾಲ ಕೆಳಗಿನ ಮೂಳೆ ಮುರಿದುಕೊಂಡ. ಆಸ್ಪತ್ರೆಯಲ್ಲಿ ಪ್ಲಾಸ್ಟರು ಹಾಕಿ ಕಳಿಸಿದರು. ಕಂಪನಿಯವರು ಹೇಳಿದ್ದು ಇಷ್ಟು: ಮೂರು ತಿಂಗಳಿಗೆ ಡಾಕ್ಟರು ಮತ್ತೆ ನೋಡುತ್ತಾರೆ, ನಡೆದರೆ ಕೆಲಸ, ಇಲ್ಲದಿದ್ದರೆ ಊರಿಗೆ ಟಿಕೆಟು.

ಚಲುವರಾಜ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ. ತಟ್ಟೆ ತಂದಿಟ್ಟರೆ ಎರಡು ತುತ್ತು ತಿಂದು ತಳ್ಳುತ್ತಿದ್ದ. ಇನ್ನೊಬ್ಬರು ತಂದುಕೊಟ್ಟು, ಇನ್ನೊಬ್ಬರು ತೊಳೆದಿಡುವ ಅನ್ನ ಅವನಿಗೆ ಇಳಿಯುತ್ತಿರಲಿಲ್ಲ. ಎರಡು ಊರುಗೋಲೂ ಮೂಲೆಯಲ್ಲಿ ಒರಗಿದ್ದು ಒರಗಿದ ಹಾಗೇ ಇದ್ದವು.

"ಮೂಳೆ ಮುರಿದವನಿಗೆ ಕಾಲುಸೂಪು ಕೊಡಬೇಕು ಕಣ್ರಲಾ" ಎಂದ ನಂಜೇಗೌಡ. ಕೋಣೆಯವರೆಲ್ಲ ಒಪ್ಪಿದರು. ಮಾಡುವುದು ಹೇಗೆಂದು ಮಾತ್ರ ಒಬ್ಬನಿಗೂ ಗೊತ್ತಿರಲಿಲ್ಲ. ಎಲ್ಲರೂ ಕುಡಿದವರೇ, ಕುದಿಸಿದವರಿಲ್ಲ.

ಮೊದಲ ಸಲ ಸೂಪರ್ ಮಾರ್ಕೆಟ್ಟಿನಿಂದ ಸೂಪಿನ ಕ್ಯೂಬು ತಂದರು. ಸಕ್ಕರೆ ಅಚ್ಚಿನ ಗಾತ್ರದ್ದು, ಚಿನ್ನದ ಬಣ್ಣದ ಕಾಗದ ಸುತ್ತಿದ್ದು. ಕುದಿನೀರಿಗೆ ಹಾಕಿದ ಕೂಡಲೇ ಕರಗಿ ಹಳದಿಯಾಯಿತು. ನನಗೆ ಅವಮಾನವಾಯಿತು. ಎರಡು ನಿಮಿಷದ ಕೆಲಸಕ್ಕೆ ನನ್ನಂಥ ತಳ ಯಾಕೆ ಬೇಕು? ಚಲುವರಾಜ ಒಂದು ಗುಟುಕು ಕುಡಿದು, "ಉಪ್ಪುನೀರು" ಎಂದು ಲೋಟ ಕೆಳಗಿಟ್ಟ.

ಎರಡನೇ ಸಲ ಹೆಪ್ಪುಗಟ್ಟಿದ ಮೇಕೆ ಕಾಲಿನ ಪೊಟ್ಟಣ ಬಂತು. ಚರ್ಮ ಸುಲಿದು, ತೊಳೆದು, ಹತ್ತಿಯ ಹಾಗೆ ಬಿಳುಚಿಕೊಂಡ ಕಾಲುಗಳು. ಮೂರು ಗಂಟೆ ನಿಯತ್ತಾಗಿ ಕುದಿಸಿದೆ. ಆದರೆ ನೀರಿಗೆ ರುಚಿ ಬರಬೇಕಲ್ಲ? ನಂಜೇಗೌಡ ಊರಿಗೆ ಫೋನು ಮಾಡಿದ. ದೇವೀರಮ್ಮನ ದನಿ ಕೋಣೆ ತುಂಬ ಕೇಳಿಸಿತು. "ಸುಲಿದ ಕಾಲ ತಂದ್ಯೇನ್ಲಾ? ಕಾಲಿನ ರುಚಿ ಇರೋದೇ ಚರ್ಮದಾಗೆ. ಕೂದ್ಲಿರೋ ಕಾಲ ತಗಂಡು ಸುಡ್ಬೇಕು. ಸುಟ್ಟು ಹೆರೀಬೇಕು. ಅಷ್ಟೂ ಗೊತ್ತಿಲ್ವಾ?"

ಕೂದಲಿರುವ ಕಾಲು ಹುಡುಕಲು ಎರಡು ಶುಕ್ರವಾರ ಹಿಡಿಯಿತು. ಕೊನೆಗೆ ಮಾಂಸದ ಮಾರ್ಕೆಟ್ಟಿನ ಹಿಂದೆ, ಬಿಸಾಡುವ ಬುಟ್ಟಿಯ ಪಕ್ಕದಲ್ಲಿ ಸಿಕ್ಕವು. ಕಟುಕ ಇವರನ್ನು ವಿಚಿತ್ರವಾಗಿ ನೋಡಿ ಹದಿನಾರು ಕಾಲು ಪುಕ್ಕಟೆ ಕೊಟ್ಟ.

ಈಗ ಸುಡುವುದು ಹೇಗೆ? ಕ್ಯಾಂಪಿನ ಅಡುಗೆಮನೆಯಲ್ಲಿ ಹೊಗೆ ಎಬ್ಬಿಸುವಂತಿಲ್ಲ. ಸೌದೆ ಆ ನಾಡಿನಲ್ಲಿ ಎಲ್ಲಿ ಸಿಗಬೇಕು? ನಂಜೇಗೌಡ ಎದೆಯುಬ್ಬಿಸಿ, "ಹತ್ತು ಎಂಎಂ ಕಬ್ಬಿಣದ ಪ್ಲೇಟು ಬೆಣ್ಣೆ ಥರ ಕುಯ್ತೀನಿ. ಮೇಕೆ ಕಾಲು ಸುಡಕ್ಕಾಗಲ್ವಾ?" ಎಂದ. ವರ್ಕ್‌ಶಾಪಿನ ಅಂಗಳಕ್ಕೆ ನಾಲ್ಕು ಕಾಲು ಒಯ್ದು ಗ್ಯಾಸ್ ಕಟರ್ ಹಚ್ಚಿದ. ನೀಲಿ ಉರಿ ಸೂಜಿಯ ಹಾಗೆ ಹೊರಟಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಕಾಲು ಅರ್ಧ ಇದ್ದಿಲಾಯಿತು, ಇನ್ನರ್ಧದಲ್ಲಿ ಕೂದಲು ಹಾಗೇ ಇತ್ತು. ಆದರೂ ಹಟಕ್ಕೆ ಬಿದ್ದು ನಾಲ್ಕನ್ನೂ ಮುಗಿಸಿ ನನ್ನೊಳಗೆ ಹಾಕಿದ. ಆ ಕಹಿ ನನ್ನ ಅಂಚಿನಿಂದ ಹೋಗಲು ಹುಣಸೆಹಣ್ಣಿನಲ್ಲಿ ಮೂರು ಸಲ ಉಜ್ಜಬೇಕಾಯಿತು.

ಇದನ್ನೆಲ್ಲ ಮೊದಲಿಂದಲೂ ನೋಡುತ್ತಿದ್ದವರು ಪಕ್ಕದ ಕೋಣೆಯ ಮೌಲಾಸಾಬರು. ಸವಣೂರಿನ ಕಡೆಯವರು, ಐವತ್ತು ದಾಟಿದವರು. ತಾರಸಿಯ ಮೇಲೆ ನೀರು ಇಳಿಯದಂತೆ ಟಾರಿನ ಹಾಳೆ ಅಂಟಿಸುವುದು ಅವರ ಕೆಲಸ. ಹಾಳೆಯನ್ನು ಗ್ಯಾಸಿನ ಉರಿಯಿಂದ ಕಾಯಿಸುತ್ತಾ, ಕಾಲಿನಿಂದ ಉರುಳಿಸುತ್ತಾ ಹೋಗಬೇಕು. ಉರಿ ಕಡಿಮೆಯಾದರೆ ಅಂಟುವುದಿಲ್ಲ, ಹೆಚ್ಚಾದರೆ ಹಾಳೆ ತೂತಾಗುತ್ತದೆ.

"ತಮ್ಮಾ, ನಿಂದು ಕಬ್ಬಿಣದ ಬೆಂಕಿ" ಎಂದರು. "ಚರ್ಮಕ್ಕ ಅದು ನಡ್ಯಾಂಗಿಲ್ಲ. ನಂದು ತರ್ತೀನಿ ತಡಿ."

"ಟಾರು ಕಾಯ್ಸೋ ಬೆಂಕೀಲಿ ಸೂಪಾ ಸಾಬ್ರೇ?"

"ನೀ ಮಾಡಿದ್ದು ಕುಡದೇನಿ. ಅದಕ್ಕಿಂತ ಟಾರೇ ಚಲೋ."

ಮುಂದಿನ ಶುಕ್ರವಾರ ಬೆಳಿಗ್ಗೆ ಸಾಬರು ಉದ್ದ ಕೊಳವೆಯ ಬರ್ನರ್ ತಂದು ಕ್ಯಾಂಪಿನ ಅಂಗಳದಲ್ಲಿ ಕೂತರು. ಅಗಲವಾದ ಮೆತ್ತನೆಯ ಉರಿ. ಫ್ರೀಜರಿನಲ್ಲಿಟ್ಟಿದ್ದ ಕಾಲುಗಳನ್ನು ಒಂದೊಂದಾಗಿ ಇಕ್ಕಳದಲ್ಲಿ ಹಿಡಿದು, ಉರಿಯನ್ನು ಒಂದು ಮೊಳ ದೂರದಿಂದ ಸವರಿದರು. ಕೂದಲು ಚಟಪಟ ಎಂದು ಮುರುಟಿತು. ಚರ್ಮ ಕೆಂಪಾಗಿ, ಕಂದಾಗಿ, ಉಬ್ಬಿ ಬಂತು. ವಾಸನೆ ಎದ್ದಿತು.

ಆ ವಾಸನೆ ಕಿಟಕಿಯಿಂದ ಒಳಗೆ ಹೋಯಿತು. ಕೋಣೆಯೊಳಗಿಂದ ಚಲುವರಾಜನ ದನಿ ಬಂತು: "ಯಾರ್ಲಾ ಅದು, ಕಾಲು ಸುಡ್ತಿರೋದು?"

ನಂಜೇಗೌಡ ಬಾಯಿ ತೆರೆದ. ಸಾಬರು ಬೆರಳು ತುಟಿಗಿಟ್ಟು ತಡೆದರು. ಸ್ವಲ್ಪ ಹೊತ್ತಿಗೆ ಟಕ್, ಟಕ್ ಎಂದು ಸದ್ದು. ಚಲುವರಾಜ ಊರುಗೋಲು ಊರಿಕೊಂಡು ಬಾಗಿಲಿಗೆ ಬಂದಿದ್ದ. ಸುಟ್ಟ ಕಾಲುಗಳನ್ನು ನೋಡಿದ. ನಂಜೇಗೌಡ ಚಾಕು ಹಿಡಿದು ಹೆರೆಯುತ್ತಿದ್ದುದನ್ನು ನೋಡಿದ. ತಡೆದುಕೊಳ್ಳಲಾಗಲಿಲ್ಲ.

"ಹಂಗಾ ಹೆರೆಯೋದು? ಮೇಲಿಂದ ಕೆಳಕ್ಕೆ ಎಳೀಲಾ. ಕೊಡಿಲ್ಲಿ ಚಾಕ."

ಒಂದು ಸ್ಟೂಲು ಹಾಕಿ ಕೂರಿಸಿದರು. ಪ್ಲಾಸ್ಟರಿನ ಕಾಲು ಮುಂದೆ ಚಾಚಿ, ಹನ್ನೆರಡು ಕಾಲನ್ನೂ ಅವನೇ ಹೆರೆದ, ಅರಿಸಿನ ಸವರಿ ತೊಳೆದ. ಬೆಳ್ಳುಳ್ಳಿ ಜಜ್ಜಿ, ಮೆಣಸು, ಧನಿಯ ಕುಟ್ಟಿ ಹಾಕಿದರು. ಅಡುಗೆಮನೆಯ ಸಣ್ಣ ಉರಿಯ ಮೇಲೆ ನಾನು ನಾಲ್ಕು ಗಂಟೆ ಕೂತೆ. ತಳ ಹತ್ತಲಿಲ್ಲ, ಉಕ್ಕಲಿಲ್ಲ. ಮೇಲೆ ಬಂಗಾರದ ಬಣ್ಣದ ಕೆನೆ ಕಟ್ಟಿತು. ಚಲುವರಾಜ ಎರಡು ಲೋಟ ಕುಡಿದ. ಮೂರನೆಯದನ್ನು ಕೇಳಿ ಹಾಕಿಸಿಕೊಂಡ. ತುಟಿ ಒಂದಕ್ಕೊಂದು ಅಂಟಿಕೊಂಡದ್ದು ನೋಡಿ ಸಾಬರು, "ಈಗ ಸೂಪಾತು" ಎಂದರು.

ಅಲ್ಲಿಂದ ಪ್ರತಿ ಶುಕ್ರವಾರ ಇದೇ ನಡೆಯಿತು. ಸುಡುವುದು ಸಾಬರು, ಹೆರೆಯುವುದು ಚಲುವರಾಜ, ಕುದಿಸುವುದು ನಾನು. ಕಟರ್ ಮುಟ್ಟಕೂಡದೆಂದು ನಂಜೇಗೌಡನಿಗೆ ಬೆಳ್ಳುಳ್ಳಿ ಸುಲಿಯುವ ಕೆಲಸ. ಪ್ಲಾಸ್ಟರು ಬಿಚ್ಚಿದರು. ಎರಡು ಊರುಗೋಲು ಒಂದಾಯಿತು.

ಡಾಕ್ಟರ ಬಳಿಗೆ ಹೋಗುವುದಕ್ಕೆ ಎರಡು ದಿನ ಮುಂಚೆ, ಚಲುವರಾಜನ ಮುಖ ಮತ್ತೆ ಗೋಡೆಯ ಕಡೆ ತಿರುಗಿತು. "ಅಲ್ಲಿ ಹೋಗಿ ಕುಂಟಿದ್ರೆ?" ಎಂದ. ಸಾಬರು ಅವನನ್ನು ಅಡುಗೆಮನೆಗೆ ಕರೆದೊಯ್ದರು. ನಾನು ಕಟ್ಟೆಯ ಮೇಲಿದ್ದೆ, ಮುಕ್ಕಾಲು ತುಂಬಿ.

"ಇದನ್ನ ನಿನ್ನ ಖೋಲಿಗೆ ಒಯ್ಯಿ."

"ಕೋಲು ಹಿಡ್ಕೊಂಡು ಹೆಂಗ್ ಸಾಬ್ರೇ? ಎರಡು ಕೈ ಬೇಕಲ್ಲ."

"ಅದನ್ನ ನಾನೂ ಹೇಳಾಕತ್ತೇನಿ. ಆರೇತಿ, ಕೈ ಸುಡೂದಿಲ್ಲ. ಎತ್ತು."

ಚಲುವರಾಜ ನನ್ನ ಹತ್ತಿರ ಬಂದ. ಆಮೇಲೆ ಊರುಗೋಲನ್ನು ಗೋಡೆಗೆ ಒರಗಿಸಿ ನನ್ನ ಎರಡು ಕಿವಿ ಹಿಡಿದ. ಎತ್ತಿದ. ನನ್ನೊಳಗೆ ಸೂಪು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತುಳುಕಿ ನಿಂತಿತು. ಒಂದು ಹೆಜ್ಜೆ. ಇನ್ನೊಂದು. ನನ್ನ ಬಾಳಿನಲ್ಲಿ ಎಷ್ಟೋ ಸಲ ಎತ್ತಿ ಇಳಿಸಿದ್ದಾರೆ. ಅಷ್ಟು ಜೋಪಾನವಾಗಿ ಯಾರೂ ಹೊತ್ತಿರಲಿಲ್ಲ. ನಾನೂ ಉಸಿರು ಹಿಡಿದು ಮಟ್ಟವಾಗಿ ಕೂತೆ. ಓಣಿಯ ಎರಡೂ ಕಡೆ ಬಾಗಿಲುಗಳಲ್ಲಿ ಜನ ನಿಂತಿದ್ದರು. ಕೋಣೆಯ ಹೊಸ್ತಿಲು ದಾಟುವಾಗ ಕಾಲು ನಡುಗಿತು, ಒಂದಿಷ್ಟು ಸೂಪು ನೆಲಕ್ಕೆ ಬಿತ್ತು.

"ಚೆಲ್ತು" ಎಂದ ನಂಜೇಗೌಡ.

"ಎಲ್ಲೈತಿ? ನನಗೇನೂ ಕಾಣವಲ್ದು" ಎಂದರು ಸಾಬರು, ಚಾವಣಿ ನೋಡುತ್ತಾ.

ಚಲುವರಾಜ ನನ್ನನ್ನು ಮೇಜಿನ ಮೇಲಿಟ್ಟ. ಸಾಬರದೂ ಸೇರಿ ಏಳು ಲೋಟ ಸಾಲಾಗಿಟ್ಟು, ಮೂರು ತಿಂಗಳಲ್ಲಿ ಮೊದಲ ಸಲ, ಎಲ್ಲರಿಗೂ ತಾನೇ ಬಡಿಸಿದ. ಡಾಕ್ಟರು ಕೆಲಸಕ್ಕೆ ಹೋಗಬಹುದೆಂದು ಬರೆದುಕೊಟ್ಟದ್ದು ಎರಡು ದಿನದ ಮೇಲೆ. ನಮಗೆ ಅದು ಹಳೆಯ ಸುದ್ದಿ.

ಈಗ ಅವರೆಲ್ಲ ಊರು ಸೇರಿದ್ದಾರೆ. ನನ್ನನ್ನು ಕ್ಯಾಂಪಿನ ಅಡುಗೆಮನೆಗೇ ಬಿಟ್ಟುಹೋದರು, ಮುಂದೆ ಬರುವವರಿಗೆ ಬೇಕಾದೀತೆಂದು. ವರ್ಷಗಳು ಕಳೆದು ನನ್ನ ತಳ ಉಬ್ಬಿದೆ, ಒಲೆಯ ಮೇಲೆ ನೆಟ್ಟಗೆ ಕೂರಲಾರೆ. ಮೂಲೆಯಲ್ಲಿ ಈರುಳ್ಳಿ ತುಂಬಿಕೊಂಡು ಇದ್ದೇನೆ. ಮೂಳೆ ಕೂಡಿಸಿದವರು ಡಾಕ್ಟರು, ಅದನ್ನು ನಾನು ನನ್ನದೆಂದು ಹೇಳಿಕೊಳ್ಳುವುದಿಲ್ಲ. ಪರದೇಶದಲ್ಲಿ ಹುಡುಕಿದರೆ ಕಾಲು ಸಿಗುತ್ತದೆ, ಮೆಣಸು ಸಿಗುತ್ತದೆ, ಉರಿಯೂ ಸಿಗುತ್ತದೆ. ನಾಲ್ಕು ಗಂಟೆ ಒಬ್ಬನಿಗಾಗಿ ಕಾಯುವ ಜನ ಸಿಗುವುದು ಕಷ್ಟ. ಅಂಥವರ ಪಾತ್ರೆಯಾಗಿದ್ದೆ ನಾನು. ನನ್ನೊಳಗೆ ಬೆಂದ ಕಾಲುಗಳಿಗೆ ಲೆಕ್ಕವಿಲ್ಲ. ನನ್ನನ್ನು ಹೊತ್ತು ನಡೆದ ಕಾಲು ಮಾತ್ರ ಚೆನ್ನಾಗಿ ನೆನಪಿದೆ.