ಮಾತ್ರೆ ಮಾಮನ ಭಾನುವಾರಗಳು

"ಎಡಕ್ಕೆ ತಿರುಗಿಸಿ, ಎಡಕ್ಕೆ. ತಲೆ ಕಡೆ ಸ್ವಲ್ಪ ಎತ್ತಿ," ಎಂದು ವಕೀಲರು ಕೆಳಗಿನ ಮೆಟ್ಟಿಲಲ್ಲಿ ನಿಂತು ಹೇಳುತ್ತಿದ್ದರು.

ಮೆಟ್ಟಿಲು ತಿರುಗುವ ಜಾಗದಲ್ಲಿ ಸ್ಟ್ರೆಚರ್ ಸಿಕ್ಕಿಕೊಂಡಿತ್ತು. ಮೇಲ್ಗಡೆ ಅಳಿಯ, ಕೆಳಗಡೆ ಪಕ್ಕದ ಬೇಕರಿಯವನು. ಇಬ್ಬರ ಕೈಯೂ ಸೋತಿತ್ತು.

"ಸಾರ್, ನೀವೊಂಚೂರು ಜಾಗ ಬಿಟ್ರೆ ಎಡಕ್ಕೆ ತಿರುಗುತ್ತೆ," ಎಂದ ಬೇಕರಿಯವನು.

ವಕೀಲರು ಗೋಡೆಗೆ ಒತ್ತಿ ನಿಂತರು. ಸ್ಟ್ರೆಚರಿನಲ್ಲಿ ಮಲಗಿದ್ದ ಮಾತ್ರೆ ಮಾಮ ಕೆಳಗಿಳಿದು, ತಮ್ಮ ಔಷಧಿ ಅಂಗಡಿಯ ಮುಚ್ಚಿದ ಷಟರ್ ಮುಂದೆ ಬಂದರು.

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ಹಿಂದಿನ ದಿನ ಊಟ ಮಾಡಿ ಅಂಗಡಿಗೆ ಇಳಿದವರು, ಷಟರ್ ಅರ್ಧ ಎಳೆದು, ಕೌಂಟರಿನ ಪಕ್ಕದ ಕುರ್ಚಿಯಲ್ಲಿ ಒರಗಿದ್ದರು. ದಿನವೂ ಹಾಗೇ ಒಂದು ಜೊಂಪು ತೆಗೆಯುತ್ತಿದ್ದರು. ಸಂಜೆ ಹೆಂಡತಿ ಟೀ ತಂದು ಭುಜ ಮುಟ್ಟಿದಾಗ ಮೈ ತಣ್ಣಗಾಗಿತ್ತು.

ವ್ಯಾನಿನ ಬಾಗಿಲು ತೆರೆದಾಗ ರಸ್ತೆಯಾಚೆ, ಆಸ್ಪತ್ರೆಯ ಗೇಟಿನ ಬಳಿ, ಬಿಳಿ ಉಡುಪಿನ ವಯಸ್ಸಾದ ಸಿಸ್ಟರ್ ನಿಂತಿದ್ದು ಎಲ್ಲರಿಗೂ ಕಂಡಿತು. ಮೊದಲು ಮಾತಾಡಿದವರು ವಕೀಲರು.

"ಆಯಮ್ಮ ಇಲ್ಲಿಗೂ ಬಂದ್ರಾ?"

"ಬರದೆ ಇರ್ತಾರಾ? ಅಪ್ಪನ ಭಾನುವಾರ ಎಲ್ಲ ಅವರದ್ದೇ ಆಗಿತ್ತಲ್ಲ," ಎಂದಳು ಮಗಳು. "ನಮ್ಮನೇಗೆ ಊಟಕ್ಕೆ ಕರೆದು ಕರೆದು ನಂಗೇ ಸಾಕಾಯ್ತು."

ಹೆಂಡತಿ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. "ವ್ಯಾನಲ್ಲಿ ಜಾಗ ಇದೆ. ಹೋಗಿ ಕರ್ಕೊಂಡು ಬಾ," ಎಂದು ಅಳಿಯನಿಗೆ ಹೇಳಿದರು.

*

ಒಂದು ಕಾಲಕ್ಕೆ ಪ್ರತಿ ಗುರುವಾರ ಸಂಜೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಔಷಧಿ ಪೆಟ್ಟಿಗೆಗಳ ನಡುವೆ, ಒಂದು ಕೂಟ ಸೇರುತ್ತಿತ್ತು. ಹಿರಿಯರಿಂದ ಬಂದ ಧರ್ಮವನ್ನು ಉಳಿಸುವುದು ಹೇಗೆ ಎನ್ನುವುದು ಅಲ್ಲಿನ ಚರ್ಚೆ. ಮುಖ್ಯ ಮಾತುಗಾರರು ವಕೀಲರು. ಟೀ, ಜಾಗ ಎರಡೂ ಮಾತ್ರೆ ಮಾಮನದು.

ಎದುರಿನ ಕ್ರೈಸ್ತ ಸನ್ಯಾಸಿನಿಯರ ಆಸ್ಪತ್ರೆಯಲ್ಲಿ ಸಾಯುವವರ ಕಿವಿಯಲ್ಲಿ ಸಿಸ್ಟರ್‌ಗಳು ಏನೋ ಹೇಳಿ ಮತ ಬದಲಾಯಿಸುತ್ತಾರೆ ಎಂಬ ಸುದ್ದಿ ಒಂದು ಗುರುವಾರ ಬಂತು. ಯಾರಾದರೂ ಹೋಗಿ ಕಣ್ಣಾರೆ ನೋಡಬೇಕು ಎಂದರು ವಕೀಲರು. ಆಸ್ಪತ್ರೆಗೆ ಔಷಧಿ ಕೊಡುವವರು ಮಾತ್ರೆ ಮಾಮನೇ ಆದ್ದರಿಂದ ಕೆಲಸ ಅವರ ತಲೆಗೆ ಬಂತು.

ಅವರು ಭಾನುವಾರ ಹೋದರು. ವಾರ್ಡಿನ ಕೊನೆಯ ಹಾಸಿಗೆಯಲ್ಲಿ ಒಬ್ಬ ಮುದುಕ; ಯಾವಾಗಲೋ ಬಸ್ಸು ಓಡಿಸುತ್ತಿದ್ದವನು, ಹಿಂದಿಲ್ಲ ಮುಂದಿಲ್ಲ. ಇದೇ ಸಿಸ್ಟರ್ ಹತ್ತಿಯನ್ನು ನೀರಲ್ಲಿ ಅದ್ದಿ ಅವನ ತುಟಿಗೆ ಒತ್ತುತ್ತಿದ್ದರು. ಮಾತ್ರೆ ಮಾಮ ಬಹಳ ಹೊತ್ತು ಕಾದರು. ಆಕೆ ಬಾಯಿ ಬಿಡಲಿಲ್ಲ.

"ಅವರಿಗೆ ನೀವು ಏನೂ ಹೇಳೋದಿಲ್ವಾ?" ಎಂದು ಕೊನೆಗೆ ತಾವೇ ಕೇಳಿದರು.

"ಅವರೇ ಏನೋ ಹೇಳ್ತಾ ಇದಾರೆ, ಕೇಳಿಸ್ಕೊಳ್ತಾ ಇದೀನಿ," ಎಂದು ಸಿಸ್ಟರ್ ಹತ್ತಿಯ ಬಟ್ಟಲನ್ನು ಅವರತ್ತ ಚಾಚಿದರು. "ಬೆಳಗ್ಗೆಯಿಂದ ಎದ್ದಿಲ್ಲ. ಊಟ ಮಾಡಿ ಬರ್ತೀನಿ. ಅಲ್ಲೀವರೆಗೂ ಕೂತಿರ್ತೀರಾ?"

ಇಲ್ಲವೆನ್ನಲು ಕಾರಣ ಹೊಳೆಯಲಿಲ್ಲ. ಅವರು ಕೂತರು. ಮುದುಕ ಇವರ ಎರಡು ಬೆರಳು ಹಿಡಿದು, ಯಾರೋ ಅಂದುಕೊಂಡು, ಗೇರ್ ಸರಿಯಾಗಿ ಬೀಳುತ್ತಿಲ್ಲ ಎಂದು ದೂರು ಹೇಳಿದ. ನಾಳೆ ನೋಡೋಣ ಎಂದರು ಮಾತ್ರೆ ಮಾಮ. ಸಿಸ್ಟರ್ ಊಟ ಮುಗಿಸಿ ಬಂದ ಮೇಲೂ ಅವನು ಬೆರಳು ಬಿಡಲಿಲ್ಲ. ಬಿಟ್ಟಿದ್ದು ಕತ್ತಲಾಗುವ ಹೊತ್ತಿಗೆ, ಉಸಿರಿನ ಜೊತೆಗೆ.

*

ಮುಂದಿನ ಭಾನುವಾರವೂ ಅವರು ಹೋದರು. ಆಮೇಲೆ ತಪ್ಪಿಸಲಿಲ್ಲ. ಆಸ್ಪತ್ರೆಯ ಓದುವ ಕೋಣೆಯಿಂದ ಹಳೆಯ ವಿದೇಶಿ ಚಿಂತಕರ, ಸನ್ಯಾಸಿಗಳ ಪುಸ್ತಕಗಳನ್ನು ತಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು, ಗಿರಾಕಿ ಇಲ್ಲದ ಹೊತ್ತಲ್ಲಿ ಓದತೊಡಗಿದರು. ಒಂದು ಗುರುವಾರ, ಯಾವತ್ತೂ ಟೀ ಕೊಟ್ಟು ಸುಮ್ಮನಾಗುತ್ತಿದ್ದವರು ಮಾತಿಗೆ ಕೂತರು.

"ಹಳೇದನ್ನ ಉಳಿಸ್ಬೇಕು ಅಂದವರು ಅಲ್ಲೂ ಇದಾರೆ ಕಣ್ರಿ. ನಾವು ಅವರನ್ನ ಸರಿಯಾಗಿ ಓದೇ ಇಲ್ಲ. ಅವರು ಮನೆಯಿಂದ, ಬೀದಿಯಿಂದ ಶುರು ಮಾಡ್ತಾರೆ. ನಾವು ಸರ್ಕಾರದಿಂದ ಶುರು ಮಾಡ್ತೀವಿ."

"ನಮ್ಮಲ್ಲಿ ಇಲ್ಲದ್ದು ಅವರಲ್ಲಿ ಏನಿದೆ?" ಎಂದರು ವಕೀಲರು.

"ಇಲ್ಲದ್ದು ಅಂತಲ್ಲ. ಇಟ್ಕೊಂಡು ಮರೆತಿದೀವಿ. ಅಲ್ಲಿನ ಸನ್ಯಾಸಿಗಳು ಮಲಗೋ ಮುಂಚೆ, ಇವತ್ತು ನಾನೇನು ತಪ್ಪು ಮಾಡಿದೆ ಅಂತ ಕೇಳ್ಕೊಳ್ತಾರಂತೆ. ನಾವು ಗುರುವಾರ ಸೇರಿ ಬೇರೆಯವರೇನು ತಪ್ಪು ಮಾಡಿದ್ರು ಅಂತ ಕೇಳ್ಕೊಳ್ತೀವಿ."

ಒಬ್ಬಿಬ್ಬರು ನಕ್ಕರು. ವಕೀಲರು ನಗಲಿಲ್ಲ.

"ನೋಡ್ಕೊಂಡು ಬಾ ಅಂತ ಕಳಿಸಿದ್ರೆ ಅವರ ವಕಾಲತ್ತು ಹಿಡ್ಕೊಂಡು ಬಂದಿದೀಯ. ಅವರ ಹಿಂದೆ ಒಂದು ದೊಡ್ಡ ಮಠವೇ ಇದೆ, ಅದಕ್ಕೆ ಮಾಡ್ತಾರೆ. ನೀನು ಒಬ್ಬ ಹೋಗಿ ಕೂತ್ರೆ ಧರ್ಮ ಉಳಿಯುತ್ತಾ?"

"ಅದಕ್ಕೇ ನಿಮ್ಮನ್ನೂ ಕರೀತಿರೋದು. ಅಲ್ಲಿ ಸಾಯೋರಲ್ಲಿ ಅರ್ಧ ಜನ ನಮ್ಮೋರೇ. ಕೊನೇಗೆ ಒಂದು ನಾಮ ಕೇಳ್ಬೇಕು ಅಂತಾರೆ. ಪಾಪ, ಸಿಸ್ಟರ್‌ಗೆ ಅದು ಬರಲ್ಲ. ನಂಗೂ ನಿಮ್ಮಷ್ಟು ಬರಲ್ಲ."

ಯಾರೂ ಹೋಗಲಿಲ್ಲ. ತಿಂಗಳೊಳಗೆ ಕೂಟ ವಕೀಲರ ಆಫೀಸಿಗೆ ಸ್ಥಳ ಬದಲಾಯಿಸಿತು. ಅಂದಿನಿಂದ ವಕೀಲರು ತಲೆನೋವಿನ ಮಾತ್ರೆಗೂ ಬಸ್ ಸ್ಟ್ಯಾಂಡಿನ ಅಂಗಡಿಗೆ ಹೋಗತೊಡಗಿದರು.

*

ವ್ಯಾನಿನಲ್ಲಿ ಸಿಸ್ಟರ್ ಮಗಳ ಪಕ್ಕದಲ್ಲಿ ಕೂತಿದ್ದರು. ಸಿಗ್ನಲ್ಲಿನಲ್ಲಿ ವ್ಯಾನ್ ನಿಂತಾಗ ಮೆಲ್ಲಗೆ ಕೇಳಿದರು: "ಕೊನೇಲಿ ಜೊತೇಲಿ ಯಾರಿದ್ರಮ್ಮ?"

"ಯಾರೂ ಇರಲಿಲ್ಲ. ಊರೋರಿಗೆಲ್ಲ ಕೂತ್ರು, ಅವರಿಗೆ ಯಾರೂ ಕೂರಲಿಲ್ಲ."

ಎಲ್ಲ ದೇವರಿಚ್ಛೆ ಎನ್ನುವಂಥ ಒಂದು ಮಾತು ಈಗ ಬರುತ್ತದೆಂದು ಮಗಳು ಕಾದಳು. ಅದು ಬಂದರೆ ತಿರುಗಿ ಏನನ್ನಬೇಕೆಂದೂ ಯೋಚಿಸಿಟ್ಟುಕೊಂಡಳು.

"ನಾನು ಎದುರಿಗೇ ಇದ್ದೆ," ಎಂದರು ಸಿಸ್ಟರ್. "ರಸ್ತೆ ದಾಟಿದ್ರೆ ಸಾಕಿತ್ತು. ಗೊತ್ತಾಗಲಿಲ್ಲ."

ಮಗಳು ಕಿಟಕಿಯಾಚೆ ನೋಡಿದಳು. ಆಮೇಲೆ ಜಾರುತ್ತಿದ್ದ ಸಿಸ್ಟರ್ ಅವರ ಕೈಚೀಲವನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಡ್ರೈವರ್ ಪಕ್ಕದ ಸೀಟಿನಿಂದ ವಕೀಲರು ಹಿಂದೆ ತಿರುಗದೆಯೇ ಹೇಳಿದರು: "ನಾನು ನಿನ್ನೆ ಮಧ್ಯಾಹ್ನ ಅದೇ ದಾರೀಲಿ ಹೋದೆ. ಷಟರ್ ಅರ್ಧ ಎಳೆದಿತ್ತು. ಕಾಲು ಕಾಣ್ತಿತ್ತು."

ಸಿಗ್ನಲ್ ಬಿಟ್ಟಿತು.

ಚಿತಾಗಾರದಲ್ಲಿ ಮೊದಲು ಬಂದವರದು ಇನ್ನೂ ಮುಗಿದಿರಲಿಲ್ಲ. ಸ್ಟ್ರೆಚರನ್ನು ಪಕ್ಕದ ಕೋಣೆಯಲ್ಲಿಟ್ಟು, ಕರೆದಾಗ ಬನ್ನಿ ಎಂದ ಅಲ್ಲಿಯ ಕೆಲಸದವನು. ಬೆಳಗಿನಿಂದ ಯಾರ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ. ಅಳಿಯ ಎಲ್ಲರನ್ನೂ ಕ್ಯಾಂಟೀನಿನ ಕಡೆ ಹೊರಡಿಸಿದ. ಹೆಂಡತಿಗೆ ತಲೆ ಸುತ್ತುತ್ತಿತ್ತು. ಮಗಳು ಅವರ ತೋಳು ಹಿಡಿದು ನಡೆಸಿಕೊಂಡು ಹೋದಳು.

ವಕೀಲರು ಟೀ ತೆಗೆದುಕೊಂಡು, ಕುಡಿಯದೆ ಇಟ್ಟು, ಎದ್ದು ಬಂದರು. ಕೋಣೆಯ ಬಾಗಿಲು ತೆರೆದೇ ಇತ್ತು. ಸಿಸ್ಟರ್ ಒಳಗೆ ಬೆಂಚಿನ ಮೇಲೆ ಕೂತಿದ್ದರು.

"ಏನು ಹೇಳ್ತಾ ಇದೀರಿ ಅವನಿಗೆ?"

"ಏನೂ ಇಲ್ಲ. ನಿಮ್ಮದು ನಂಗೆ ಬರಲ್ಲ. ನಿಮಗೆ ಬರುತ್ತೆ ಅಂತ ಅವರು ಹೇಳ್ತಿದ್ರು," ಎಂದು ಸಿಸ್ಟರ್ ಬೆಂಚಿನ ತುದಿಗೆ ಸರಿದರು.

ವಕೀಲರು ಕೂತು ಗಂಟಲು ಸರಿಮಾಡಿಕೊಂಡು ಒಂದು ಶ್ಲೋಕ ಶುರು ಮಾಡಿದರು. ಎಷ್ಟೋ ವೇದಿಕೆಗಳ ಮೇಲೆ ಹೇಳಿದ ಶ್ಲೋಕ. ಅಲ್ಲೆಲ್ಲ ಮೊದಲೆರಡು ಸಾಲು ಹೇಳಿ ಅರ್ಥಕ್ಕೆ ಇಳಿಯುವುದು ವಾಡಿಕೆ. ಇಲ್ಲಿ ಅರ್ಥ ಕೇಳುವವರಿರಲಿಲ್ಲ. ಮುಂದಿನ ಸಾಲಿನ ಅರ್ಧಕ್ಕೆ ಬಂದು ನಿಂತರು. ಮತ್ತೆ ಮೊದಲಿನಿಂದ ಹಿಡಿದರೂ ಅಲ್ಲಿಗೇ ಬಂದು ನಿಂತರು.

ಕೆಲಸದವನು ಬಾಗಿಲಲ್ಲಿ ಕಾಣಿಸಿಕೊಂಡು, "ಸಾರ್, ನಿಮ್ಮದು ಈಗ," ಎಂದ.

ವಕೀಲರು ಅವನತ್ತ ತಿರುಗದೆ, ಸ್ವಲ್ಪ ತಡೆ ಎನ್ನುವಂತೆ ಒಂದು ಕೈಯೆತ್ತಿ, ಕಣ್ಣು ಮುಚ್ಚಿ, ಪಾಠ ಒಪ್ಪಿಸುವ ಹುಡುಗನ ಸಣ್ಣ ದನಿಯಲ್ಲಿ ಮತ್ತೆ ಮೊದಲ ಸಾಲಿನಿಂದ ಶುರು ಮಾಡಿದರು.