ತಗಡಿನ ಮಾಡು, ಸೆಗಣಿ ಉಂಡೆ

ಬಂಗಾರಪೇಟೆಯ ಪಕ್ಕದ ಹಳ್ಳಿಯಿಂದ ಮುನಿಶಾಮಮ್ಮ ರೈಲು ಹತ್ತಿ ಚಿನ್ನದ ಗಣಿಯ ಉರಿಗಾಂಗೆ ಬಂದದ್ದು ಒಂದೇ ಕೆಲಸಕ್ಕೆ: ಮೊಮ್ಮಗಳ ಹಾಲುಹಲ್ಲನ್ನು ಸರಿಯಾಗಿ ಮಾಡಿನ ಮೇಲೆ ಎಸೆಯುವುದಕ್ಕೆ. ಸೆಗಣಿ ಉಂಡೆಯಲ್ಲಿಟ್ಟು ಎಸೆದ ಹಲ್ಲು ಮೇಲೆಯೇ ನಿಂತರೆ ಹೊಸ ಹಲ್ಲು ನೆಟ್ಟಗೆ ಬರುತ್ತದೆ, ಉರುಳಿ ಬಿದ್ದರೆ ಮುಂದಕ್ಕೆ ಬರುತ್ತದೆ. ಚಿಕ್ಕಂದಿನಲ್ಲಿ ಮುನಿಶಾಮಮ್ಮನದು ಉರುಳಿ ಬಿದ್ದಿತ್ತು. ಎಸೆದವನು ಚಿಕ್ಕಪ್ಪ, ಅವನ ಕೈಯಲ್ಲಿ ಬಲವಿರಲಿಲ್ಲ. ಅವತ್ತಿನಿಂದ ಆಕೆ ನಗು ಬಂದಾಗಲೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಮದುವೆಯಲ್ಲೂ ಹಾಗೇ ಕೂತಿದ್ದಳು. ತವರು ಬಿಡುವುದಕ್ಕೆ ಹುಡುಗಿ ಎಷ್ಟು ಅಳ್ತಾಳೆ ನೋಡಿ ಅಂತ ಗಂಡಿನ ಕಡೆಯವರು ಮೆಚ್ಚಿಕೊಂಡಿದ್ದರು.

ಎಂಟು ವರ್ಷದ ಮೊಮ್ಮಗಳು ಗಂಗರತ್ನಳ ಮುಂದಿನ ಎರಡು ಹಲ್ಲು ಆಗಲೇ ಅಜ್ಜಿಯ ದಾರಿ ಹಿಡಿದಿದ್ದವು. ಆ ಹಾಲುಹಲ್ಲುಗಳನ್ನು ಎಸೆದವನು ಮಗ ಕೋದಂಡಪ್ಪ. ಗಣಿಯಲ್ಲಿ ಬಂಡೆ ಒಡೆಯುವ ಕೈಯಾದರೂ ಮುನಿಶಾಮಮ್ಮನಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಮಿಕ್ಕ ಹಲ್ಲುಗಳನ್ನಾದರೂ ಉಳಿಸಬೇಕು, ಈ ಮಗು ಸೆರಗಿನ ಹಿಂದೆ ಬಾಳಬಾರದು ಅಂತ ಆಕೆಯೇ ಬಂದಳು.

ಆಕೆಗೆ ಹೇಳದೆ ಇಟ್ಟಿದ್ದ ಸಂಗತಿ ಒಂದಿತ್ತು. ತಿಂಗಳಿಗೊಮ್ಮೆ ಆಸ್ಪತ್ರೆಗೆ ಬರುವ ಬೆಂಗಳೂರಿನ ಹಲ್ಲಿನ ಡಾಕ್ಟರಿಂದ ಸೊಸೆ ಆದಿಲಕ್ಷ್ಮಿ ಮಗುವಿಗೆ ಒಂದು ಪ್ಲೇಟು ಮಾಡಿಸಿದ್ದಳು. ಅಂಗುಳಕ್ಕೆ ಕೂರುವ ಗುಲಾಬಿ ಬಣ್ಣದ ಬಿಲ್ಲೆ, ಹಲ್ಲುಗಳನ್ನು ಒತ್ತಿ ಹಿಡಿಯುವ ತಂತಿ. ಬಾಯಲ್ಲಿ ಕಬ್ಬಿಣ ಅಂದರೆ ಅತ್ತೆ ರಂಪ ಮಾಡುತ್ತಾರೆ ಅಂತ ಅದನ್ನು ಅಡಗಿಸಿಟ್ಟಿದ್ದರು. ಊಟದ ಹೊತ್ತಿಗೆ ಪ್ಲೇಟು ನೀರಿನ ಲೋಟದಲ್ಲಿರುತ್ತಿತ್ತು. ಮಿಕ್ಕ ಹೊತ್ತು ಗಂಗರತ್ನ ಬಾಯಿ ಬಿಗಿಹಿಡಿದು ಓಡಾಡುತ್ತಿದ್ದಳು. ಮಗು ಬಹಳ ಗಂಭೀರ ಅಂತ ಅಜ್ಜಿ ಸಂತೋಷಪಟ್ಟಿದ್ದಳು.

ಅವತ್ತು ಮುದ್ದೆ ಉಣ್ಣುವಾಗ ಹಲ್ಲು ಬಿತ್ತು.

"ಅಜ್ಜೀ, ಅಲ್ಲು ಬಿತ್ತು! ಲೋಟದಾಗೆ ಇಕ್ಕಿವ್ನಿ!" ಅಂದವಳೇ ಕುಂಟಾಬಿಲ್ಲೆ ಆಡಲು ಓಡಿದಳು.

ಗೋಡೆಯ ಗೂಡಿನಲ್ಲಿ ಎರಡು ಲೋಟಗಳಿದ್ದವು. ಪೊರೆ ಬಂದ ಕಣ್ಣಿನ ಮುನಿಶಾಮಮ್ಮ ಮೊದಲು ಸಿಕ್ಕಿದ್ದರೊಳಗೆ ಕೈಹಾಕಿದಳು. ಹೊರಗೆ ಬಂದದ್ದನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಹಲ್ಲು ವಸಡು ಸಮೇತ ಬಂದಿತ್ತು. ನರಗಳು ಕೂಡ ಬಂದಿದ್ದವು, ಗಟ್ಟಿಯಾಗಿದ್ದವು. ಈ ಊರಿನ ನೀರೇ ಹಾಗೆ ಅಂದುಕೊಂಡಳು. ಒಂದು ಹಿಡಿ ಸೆಗಣಿ ಸಾಲದೆಂದು ಎರಡು ಹಿಡಿ ತಂದು ಉಂಡೆ ಕಟ್ಟಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀಸಿ ಎಸೆದಳು. ತಗಡಿನ ಮಾಡು ದಬ್ ಅಂತು. ಉಂಡೆ ಉರುಳಲಿಲ್ಲ.

ಮಗು ಮರಳಿ ಬಂದಾಗ ಮುನಿಶಾಮಮ್ಮ ಅದರ ಬಾಯಿ ಅಗಲಿಸಿ ನೋಡಿದಳು. ವಸಡೆಲ್ಲ ಇತ್ತು.

"ನೋಡ್ದೇನೇ ಆದಿಲಕ್ಷ್ಮೀ, ವಸಡು ಆಗ್ಲೇ ಬೆಳ್ದುಬಿಟ್ಟೈತೆ! ಕೈಗುಣ ಅಂದ್ರೆ ಇದು."

ಆದಿಲಕ್ಷ್ಮಿ ಗೂಡು ತಡಕುತ್ತಿದ್ದಳು. "ಅತ್ತೆ, ಲೋಟದಾಗೆ ಒಂದು ಗುಲಾಬಿ ಬಿಲ್ಲೆ ಇತ್ತಲ್ಲ..."

ಕೊನೆಗೆ ಎಲ್ಲವನ್ನೂ ಹೇಳಬೇಕಾಯಿತು. ಅದು ಏನು, ಯಾಕೆ, ಹಲ್ಲು ಹೇಗೆ ಹಿಂದಕ್ಕೆ ಸರಿಯುತ್ತದೆ ಅಂತೆಲ್ಲ. ರಂಪವಾಗಲಿಲ್ಲ. ಅಷ್ಟರಲ್ಲಿ ಪಕ್ಕದ ತಮಿಳರ ಮನೆಯ ಆರುಮುಗಂ ಏಣಿ ತಂದು ಮಾಡು ಹತ್ತಿದ್ದ.

"ಪಾಟೀ, ಒಳ್ಳೆ ಬೆರಣಿ ತಟ್ಟಿದೀರ! ಬಿಸಿಲಿಗೆ ಮೇಲೆಲ್ಲ ಒಣಗಿದೆ. ಎಡುಕ್ಕಟ್ಟಾ? ತೆಗೀಲಾ?"

"ಮುಟ್ಟಬ್ಯಾಡ ಕಣ್ಲಾ!" ಮುನಿಶಾಮಮ್ಮ ಕೂಗಿದಳು. "ಮೇಲೆ ನಿಂತಿದ್ದನ್ನ ಇಳಿಸಿದ್ರೆ ಬಿದ್ದಂಗೇ ಲೆಕ್ಕ. ನನ್ನ ಬಾಯಿ ನೋಡ್ಲಾ!" ಅಂತ ಬಾಯಿಂದ ಸೆರಗು ತೆಗೆದಳು. ಆ ಸಾಲುಮನೆಗಳವರು ಆಕೆಯ ಹಲ್ಲು ನೋಡಿದ್ದು ಅದೇ ಮೊದಲು. ಆರುಮುಗಂ ಮೇಲಿನಿಂದ ಮರ್ಯಾದೆಯಾಗಿ ನೋಡಿದ.

"ಇಳಿಸದಿದ್ರೆ ಪ್ಲೇಟು ಎಲ್ಲಿಂದ ಬತ್ತದೆ ಅತ್ತೆ?" ಅಂದಳು ಆದಿಲಕ್ಷ್ಮಿ. ಅವಳ ಕಣ್ಣು ತುಂಬಿತ್ತು. ಗಂಗರತ್ನ ಇಬ್ಬರನ್ನೂ ನೋಡಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಮುನಿಶಾಮಮ್ಮ ಆ ಕೈಯನ್ನು ನೋಡಿದಳು. ಒಳಗೆ ಹೋಗಿ ಇನ್ನೊಂದು ಲೋಟದಲ್ಲಿದ್ದ ನಿಜವಾದ ಹಲ್ಲನ್ನು ತಂದಳು. ಅಕ್ಕಿಕಾಳಿನಷ್ಟಿತ್ತು.

"ಆರುಮುಗಂ, ಆ ಬಿಲ್ಲೇನ ಇಳಿಸಪ್ಪ. ಉಂಡೇನ ಅಲ್ಲೇ ಬುಡು, ಇದನ್ನ ಅದ್ರೊಳೀಕೆ ಒತ್ತು. ಒತ್ತೋವಾಗ ನಗಬ್ಯಾಡ."

ಮುಂದಿನ ತಿಂಗಳು ಆಸ್ಪತ್ರೆಗೆ ಆಕೆಯೂ ಹೋದಳು. ಡಾಕ್ಟರು ಪ್ಲೇಟನ್ನು ಮೂಸಿ ನೋಡಿದರು, ಏನೋ ಕೇಳಹೊರಟು ಅಲ್ಲಿಗೇ ನಿಲ್ಲಿಸಿದರು. ಹಲ್ಲು ಕೂದಲೆಳೆಯಷ್ಟು ಹಿಂದೆ ಸರಿದಿದೆ, ಚೆನ್ನಾಗಿ ನೋಡಿಕೊಂಡಿದ್ದೀರಿ ಅಂದರು. ಮುನಿಶಾಮಮ್ಮ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಸೆರಗು ಸರಿಸಿದಳು.

"ನಂಗೂ ಒಂದು ಮಾಡ್ಕೊಡಿ ಸ್ವಾಮಿ."

"ಇದು ಮಕ್ಕಳಿಗಮ್ಮ. ಮೂಳೆ ಎಳೆಯದಾಗಿದ್ದಾಗ ಮಾಡಬೇಕು. ಎಂಟು, ಹತ್ತು ವರ್ಷದಲ್ಲಿ."

"ನಂಗೂ ಎಂಟು ವರ್ಷ ಆಗಿತ್ತಲ್ಲ ಸ್ವಾಮಿ," ಅಂದಳು ಮುನಿಶಾಮಮ್ಮ. "ಆವಾಗ ನೀವು ಬರ್ಲೇ ಇಲ್ಲ."

ಡಾಕ್ಟರಿಗೆ ಆಗಿನ್ನೂ ಮೂವತ್ತು ದಾಟಿರಲಿಲ್ಲ. "ತಪ್ಪಾಯ್ತಮ್ಮ," ಅಂದರು.