ಜಾಕಿನ ಮೇಲಿನ ಮನೆ

"ನೆಲಾ ಮೆತ್ತಗೈತ್ರಿ ಸಾವ್ಕಾರ, ಜಾಕಿನ ಬುಡಕ ಒಂದ್ ಹಲಗಿ ಕೊಡ್ರಿ," ಎಂದು ಕರದಂಟಿನ ಅಂಗಡಿಯ ಅಂದಾನಪ್ಪ ಎರಡನೆಯ ಸಲ ಹೇಳಿದ. ಹಲಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ. ಶಿವಸಂಗಪ್ಪ ಅದರ ಕಡೆ ನೋಡಲೂ ಇಲ್ಲ. ಜಾಕಿನ ಹಿಡಿಯನ್ನು ಒತ್ತುತ್ತ, ಗಾಡಿಯ ಹಿಂಭಾಗ ಸ್ವಲ್ಪ ಸ್ವಲ್ಪವೇ ಏಳುವುದನ್ನು ತಾನೇ ಮೆಚ್ಚಿಕೊಳ್ಳುತ್ತ, "ನೀ ಕರದಂಟ ಮಾಡೂದ್ರಾಗ ನಾ ಬಾಯಿ ಹಾಕೇನೇನು?" ಎಂದ. ಸುತ್ತ ನಿಂತಿದ್ದ ನಾಲ್ಕಾರು ಮಂದಿ ನಕ್ಕರು. ಅಂದಾನಪ್ಪನೂ ನಕ್ಕಂತೆ ಮಾಡಿ, ಹಲಗೆಯನ್ನು ಅಲ್ಲೇ ಗೋಡೆಗೆ ಆನಿಸಿ ಒಳಗೆ ಹೋದ.

ಅಂಗಡಿಯ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಚಂದ್ರವ್ವ ನಗಲಿಲ್ಲ. ಗಂಡನ ಮಾತಿಗೆ ಮಂದಿ ನಗುವುದನ್ನು ಆಕೆ ಮದುವೆಯಾದಾಗಿನಿಂದ ನೋಡುತ್ತ ಬಂದಿದ್ದಳು. ನಕ್ಕವರು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ಆಕೆ ಮಾತ್ರ ಅವನ ಮನೆಗೇ ಹೋಗಬೇಕಾಗಿತ್ತು.

ಈಗ ಆ ಮನೆಗೂ ಗಾಲಿ ಬಂದಿದ್ದವು. ಇಳಕಲ್ಲಿನ ಪವರ್‌ಲೂಮುಗಳನ್ನು ತಮ್ಮನಿಗೆ ಒಪ್ಪಿಸಿ, ಹುಬ್ಬಳ್ಳಿಯ ತೌಸಿಫ ಎಂಬವನಿಂದ ಶಿವಸಂಗಪ್ಪ ಈ ಹಳೆಯ ಟೆಂಪೊವನ್ನು ಕೊಂಡಿದ್ದ. ಒಳಗೆ ಎರಡು ಮಂಚ, ಗ್ಯಾಸಿನ ಒಲೆ, ಕೈತೊಳೆಯುವ ತೊಟ್ಟಿ, ಮೂಲೆಯಲ್ಲಿ ಬೀರುವಿನಷ್ಟೇ ಅಗಲದ ಪಾಯಖಾನೆ. ಕೆಳಗೆ, ಹೊಟ್ಟೆಗೆ ಕಟ್ಟಿದಂತೆ, ಬಳಸಿದ ನೀರು ಹೋಗಿ ತುಂಬುವ ಟಾಕಿ. ಬದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ಬರುವವರು ಲಾಡ್ಜಿನ ಬದಲು ಇದರಲ್ಲೇ ಉಂಡು ಮಲಗಿ ತಿರುಗಾಡುತ್ತಾರೆಂದು ಅವನು ಊರಿಗೆಲ್ಲ ಹೇಳಿದ್ದ. ಗಾಡಿಯ ಮಗ್ಗುಲಿಗೆ ಬದಾಮಿ ಗವಿಯ ಹದಿನೆಂಟು ಕೈಯ ನಟರಾಜನನ್ನು ಬರೆಸಿದ್ದ. ಪೇಂಟರ್ ಅರ್ಧಕ್ಕೇ ದಣಿದಿದ್ದರಿಂದ ಎಡಗಡೆ ಕೈ ಕಡಿಮೆ ಬಿದ್ದಿದ್ದವು. ಯಾರಾದರೂ ಕೇಳಿದರೆ, ಉಳಿದ ಕೈಗಳು ಹಿಂದೆ ಇವೆ ಎನ್ನುತ್ತಿದ್ದ. ಇಳಕಲ್ಲಿನ ಮಂದಿ ಅದನ್ನು ಮನಿಗಾಡಿ ಎಂದು ಕರೆದರು. ಆ ಹೆಸರಿನಲ್ಲಿದ್ದ ಕುಹಕ ಚಂದ್ರವ್ವನಿಗೆ ತಿಳಿದಿತ್ತು. ಶಿವಸಂಗಪ್ಪ ಅದನ್ನು ಹೊಗಳಿಕೆ ಎಂದುಕೊಂಡಿದ್ದ.

ಗಾಡಿ ಒಪ್ಪಿಸಲು ಬಂದ ದಿನ ತೌಸಿಫ ಪಡಸಾಲೆಯಲ್ಲಿ ಕೂತು ತಿಳಿಸಿ ಹೇಳಿದ್ದ. ಗಾಡಿಯ ಕೆಳಗೆ ಹೋಗಿ ಕೆಲಸ ಮಾಡುವಾಗ ಗಟ್ಟಿ ನೆಲ ಬೇಕು, ಗಾಲಿಗೆ ಕಲ್ಲು ಕೊಡಬೇಕು, ಬರೀ ಜಾಕನ್ನು ನಂಬಬಾರದು, ಕಟ್ಟಿಗೆ ದಿಮ್ಮಿ ಆನಿಸಬೇಕು, ಒಳಗೆ ಗ್ಯಾಸು ಬಂದ್ ಇರಬೇಕು, ಇದು ಉಳಿದ ಗಾಡಿಯಂತಲ್ಲ, ಮನೆಯ ಭಾರವನ್ನೆಲ್ಲ ಹೊತ್ತಿರುತ್ತದೆ ಎಂದು. ಚಂದ್ರವ್ವ ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದಳು. ಅವನು ಹೋದ ಮೇಲೆ ಶಿವಸಂಗಪ್ಪ, ಇಷ್ಟು ಅಂಜುವವ ಗಾಡಿ ಯಾಕೆ ಇಟ್ಟಿದ್ದನೋ, ಅದಕ್ಕೇ ಮಾರಿದ್ದಾನೆ ಎಂದು ನಕ್ಕ.

ಮಗ್ಗದ ಶೆಡ್ಡಿನಲ್ಲೂ ಅವನ ಮಾತು ಇದೇ ಆಗಿತ್ತು. ಎಳೆ ಹರಿದರೆ ಮಗ್ಗ ನಿಲ್ಲಿಸಿ ಗಂಟು ಹಾಕುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಒಂದು ಸಲ ನೇಕಾರ ಅಕ್ಬರಸಾಬ ಮಗ್ಗ ನಿಲ್ಲಿಸಿ ಒಳಗೆ ಕೈ ಹಾಕಿದ್ದಾಗ, ಇವನು ಆ ಕಡೆಯಿಂದ ಬಂದು, ನಿಂತ ಮಗ್ಗ ಕಂಡು ಬೈದು, ನೋಡದೆಯೇ ಸ್ವಿಚ್ಚು ಒತ್ತಿದ. ಅಕ್ಬರಸಾಬನ ಎರಡು ಬೆರಳಿನ ತುದಿ ಹೋದವು. ಅವನು ತೂಕಡಿಸುತ್ತಿದ್ದ ಎಂದು ಶಿವಸಂಗಪ್ಪ ಓಣಿಯಲ್ಲೆಲ್ಲ ಹೇಳಿದ. ನಾಲ್ಕು ದಿನ ಹೇಳಿದ ಮೇಲೆ ತಾನೂ ನಂಬಿದ. ಚಂದ್ರವ್ವ ಡಬ್ಬಿಯಲ್ಲಿ ಹುಗ್ಗಿ ತುಂಬಿಕೊಂಡು ಅವರ ಮನೆಗೆ ಹೋದಳು. ಅಕ್ಬರಸಾಬನ ಹೆಂಡತಿ ಮೆಹರುನ್ನಿಸಾ ಡಬ್ಬಿ ತೆಗೆದುಕೊಂಡು, ತೊಳೆದು, ಖಾಲಿ ಕೊಡಬಾರದೆಂದು ಒಂದು ಹಿಡಿ ಸಕ್ಕರೆ ಹಾಕಿ ಹಿಂದಕ್ಕೆ ಕೊಟ್ಟಳು. ಆ ಸಕ್ಕರೆ ಹಿಡಿದುಕೊಂಡು ಓಣಿಯಲ್ಲಿ ನಡೆದು ಬರುವಾಗ ಚಂದ್ರವ್ವನಿಗೆ ಗಂಡನ ಮೇಲಿದ್ದ ಸಿಟ್ಟು ಹೋಯಿತು. ಸಿಟ್ಟಾದರೆ ಬಂದು ಹೋಗುವಂಥದು. ಆ ಜಾಗದಲ್ಲಿ ಬಂದು ಕೂತದ್ದು ಎದ್ದು ಹೋಗುವಂಥದಾಗಿರಲಿಲ್ಲ. ಅವನು ಉಣ್ಣುವಾಗ, ಮಾತಾಡುವಾಗ, ದೇವರ ಮುಂದೆ ಕಣ್ಣುಮುಚ್ಚಿ ನಿಂತಾಗ ಆಕೆ ಅವನನ್ನು ಸಂತೆಯಲ್ಲಿ ಹುಳುಕು ಬದನೆಕಾಯಿ ನೋಡಿದಂತೆ ನೋಡತೊಡಗಿದಳು.

ಈ ದಿನ ಪುಣೆಯ ವಯಸ್ಸಾದ ಗಂಡಹೆಂಡತಿ ಬದಾಮಿಯಲ್ಲಿ ರೈಲಿಳಿದು ಇವರಿಗಾಗಿ ಕಾಯುತ್ತಿದ್ದರು. ಅಡಿಗೆ ಮಾಡಿ ಹಾಕಲು ಚಂದ್ರವ್ವನೂ ಬಂದಿದ್ದಳು. ಹುನಗುಂದ ದಾಟಿದ ಮೇಲೆ ಗಾಡಿಯ ಕೆಳಗಿನಿಂದ ಕೆರೆಯುವ ಸದ್ದು ಬಂತು. ಅಮೀನಗಡದಲ್ಲಿ ಇಳಿದು ನೋಡಿದರೆ ನೀರಿನ ಟಾಕಿಯ ಪಟ್ಟಿ ಒಂದು ಕಡೆ ಹರಿದು, ಟಾಕಿ ರಸ್ತೆಗೆ ತಾಗಿಕೊಂಡು ಬಂದಿತ್ತು. ಬಸ್‌ಸ್ಟ್ಯಾಂಡಿನ ಆಚೆಗೇ ಗ್ಯಾರೇಜು ಇದೆಯೆಂದು ಮಂದಿ ತೋರಿಸಿದರು. ಇಷ್ಟು ಮಂದಿ ನಿಂತಿರುವಾಗ ಗ್ಯಾರೇಜಿಗೆ ಹೋಗುವ ಜಾತಿಯವನಲ್ಲ ಶಿವಸಂಗಪ್ಪ. ಡಾಂಬರು ಬಿಟ್ಟು ಗಾಡಿಯನ್ನು ಅಂಗಡಿಯ ಮಗ್ಗುಲಿಗೆ, ಹೋಟೆಲಿನವರು ನೀರು ಚೆಲ್ಲುವ ಎರೆಮಣ್ಣಿನ ಮೇಲೆ ತಂದು ನಿಲ್ಲಿಸಿದ, ಯಾಕೆಂದರೆ ಅಲ್ಲಿ ನೆರಳಿತ್ತು.

ಜಾಕು ಏರಿಸಿ ಮುಗಿಸಿ, ಅಂಗಿಯ ತೋಳು ಮಡಿಸಿಕೊಂಡು, ಅವನು ಹೆಂಡತಿಯ ಕಡೆ ತಿರುಗಿದ. ಮಂದಿಗೂ ಕೇಳುವಂತೆ, ಒಳಗೆ ಹೋಗಿ ಚಹಾ ಇಡು ಎಂದ. ಹೋಟೆಲಿನ ಚಹಾ ಬೇಡವಂತೆ, ನಮ್ಮ ಗಾಡಿಯಲ್ಲೇ ಎಲ್ಲ ಇದೆಯಂತೆ. ಗಾಲಿಗೆ ಕಲ್ಲಾದರೂ ಕೊಡಿ ಎಂದು ಆಕೆ ಮೆಲ್ಲಗೆ ಅಂದಳು. ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ, ನೀನು ಚಹಾ ನೋಡು ಎಂದು ಬೆನ್ನ ಮೇಲೆ ಮಲಗಿ ಕೆಳಗೆ ತೂರಿದ. ಹೊಟ್ಟೆ ಸ್ವಲ್ಪ ಅಡ್ಡ ಬಂತು. ಉಸಿರು ಹಿಡಿದು ಅದನ್ನೂ ಒಳಗೆ ಎಳೆದುಕೊಂಡ.

ಚಂದ್ರವ್ವ ಹತ್ತಿದಳು. ಮೆಟ್ಟಿಲ ಮೇಲೆ ಕಾಲಿಟ್ಟಾಗಲೇ ಗಾಡಿ ತೊಟ್ಟಿಲಿನಂತೆ ಅಲುಗಿತು. ಒಲೆ ಹಚ್ಚಿ ಪಾತ್ರೆಯಲ್ಲಿ ನೀರಿಟ್ಟಳು. ನೀರು ಒಂದು ಕಡೆಗೆ ವಾಲಿ ನಿಂತಿತ್ತು. ಗಾಡಿ ಎತ್ತಿದ್ದಕ್ಕೆ ಹಾಗಿರಬೇಕು ಎಂದುಕೊಂಡಳು. ಸಕ್ಕರೆ ಹುಡುಕಿ ತಿರುಗಿದಾಗ ಅದು ಇನ್ನೊಂದು ಮಗ್ಗುಲಿಗೆ ಹೊರಳಿ, ಪಾತ್ರೆಯ ಅಂಚಿಗೆ ಏರುತ್ತಿತ್ತು. ಮುಟ್ಟಿದವರಿಲ್ಲ, ಅಲುಗಿಸಿದವರಿಲ್ಲ. ಆಕೆ ನೋಡುತ್ತಿದ್ದಂತೆಯೇ ಒಂದು ಹನಿ ಹೊರಗೆ ಚೆಲ್ಲಿ ಉರಿಯಲ್ಲಿ ಸುಂಯ್ ಎಂದಿತು. ಒಲೆ ಆರಿಸಿದಳು. ಬಗ್ಗಿ ಸಿಲಿಂಡರಿನ ಗುಂಡಿ ಬಂದ್ ಮಾಡಿದಳು. ಬೆಕ್ಕಿನಂತೆ ಕಾಲಿಡುತ್ತ ಕೆಳಗಿಳಿದಳು.

ಜಾಕಿನ ಬುಡ ಮಣ್ಣಿನೊಳಗೆ ಇಳಿದಿತ್ತು. ನೆಟ್ಟಗೆ ಇಳಿದಿರಲಿಲ್ಲ, ಕುಡಿದವನಂತೆ ಓರೆಯಾಗಿ ನಿಂತಿತ್ತು.

"ಜಾಕ್ ಹೂತಕೋತ ಹೊಂಟೈತ್ರಿ. ಹೊರಗ ಬರ್ರಿ."

ಕೆಳಗಿನಿಂದ ನಟ್ಟು ಬಿಗಿಯುವ ಪಾನಾದ ಸದ್ದು ಮಾತ್ರ ಬಂತು. ಆಕೆ ಮತ್ತೊಮ್ಮೆ ಹೇಳಿದಳು. ನಿನ್ನ ಭಾರಕ್ಕೆ ಅಲುಗಿರಬೇಕು, ಇನ್ನೆರಡು ನಟ್ಟು ಇವೆ, ಹೋಗಿ ಕೂಡು ಎಂದ. ನಿಂತಿದ್ದವರಲ್ಲಿ ಇಬ್ಬರು ಮತ್ತೆ ನಕ್ಕರು. ಒಬ್ಬನು ಮಾತ್ರ, ಅಲ್ಲರೀ, ಅಕ್ಕಾರು ಹೇಳೂದು ಖರೆ ಕಾಣತೈತಿ ಎಂದು ಗೊಣಗಿ ಎರಡು ಹೆಜ್ಜೆ ತಾನೇ ಹಿಂದೆ ಸರಿದ.

ಚಂದ್ರವ್ವ ಹೋಗಿ ಕುರ್ಚಿಯಲ್ಲಿ ಕೂತಳು.

ಕೂತದ್ದು ಬಹಳ ಹೊತ್ತಲ್ಲ. ಆದರೆ ಕೂತಳು, ಅದಂತೂ ನಿಜ. ಎದುರಿಗೆ ಗಾಡಿಯ ಕೆಳಗಿನಿಂದ ಎರಡು ಬರಿಗಾಲು ಚಾಚಿಕೊಂಡಿದ್ದವು. ಹಿಮ್ಮಡಿ ಒಡೆದಿತ್ತು, ಹೆಬ್ಬೆರಳ ಉಗುರು ಕರ್ರಗಾಗಿತ್ತು. ಈ ಕಾಲಿಗೆ ದಿನಾ ನೀರು ಕಾಯಿಸಿ ಕೊಟ್ಟಿದ್ದೇನೆ ಎಂದುಕೊಂಡಳು. ಹೇಳುವುದನ್ನು ಹೇಳಿಯಾಯಿತು, ಎರಡು ಸಲ, ಮಂದಿ ಎದುರಿಗೇ. ಇನ್ನು ಯಾರೂ ತನ್ನನ್ನು ಏನೂ ಅನ್ನುವಂತಿರಲಿಲ್ಲ. ನಾಳೆ ಓಣಿಯ ಹೆಂಗಸರು ಬಂದು ಕೂತಾಗ, ಹೇಳಿದ್ದೆನವ್ವಾ, ಕೇಳಲಿಲ್ಲ ಎನ್ನಬಹುದು. ಎಷ್ಟು ಸುಲಭವಾಗಿತ್ತು. ಅಷ್ಟು ಸುಲಭವಾದದ್ದೇ ಆಕೆಗೆ ಹೇಸಿಕೆ ತಂದಿತು. ಇಂಥವನ ಸಲುವಾಗಿ ತಾನು ಇಂಥವಳಾಗಬೇಕೇ?

ಎದ್ದು ನಿಂತಳು. ಕಾಳಜಿಯ ಮಾತಿಗೆ ಅವನು ಎಂದೂ ಹೊರಗೆ ಬಂದವನಲ್ಲ. ಅತ್ತರೆ ಬರುವವನಲ್ಲ, ಬೇಡಿಕೊಂಡರೆ ಇನ್ನಷ್ಟು ಒಳಗೆ ಸರಿಯುವವನು. ಅವನು ಯಾವುದಕ್ಕೆ ಎದ್ದು ಬರುತ್ತಾನೆಂಬುದು ಆಕೆಗೆ ಗೊತ್ತಿತ್ತು. ಒಂದು ಸಂಸಾರ ಮಾಡಿ ಕಲಿತದ್ದು ಅದೊಂದೇ. ಗಂಡನ ಹೆಸರು ಇದುವರೆಗೆ ಆಕೆಯ ಬಾಯಲ್ಲಿ ಬಂದಿರಲಿಲ್ಲ. ಬ್ಯಾಂಕಿನಲ್ಲಿ ಕೇಳಿದರೂ ಪಕ್ಕದವರ ಕಡೆ ನೋಡುತ್ತಿದ್ದಳು.

"ಶಿವಸಂಗ್ಯಾ," ಎಂದಳು. ಕೂಗಲಿಲ್ಲ. ಆದರೂ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. "ಹೊರಗ ಬಾರಲೇ. ಗಂಡಸಾದ್ರ ಎದ್ದು ಬಂದು ನನ್ನ ಮುಂದ ನಿಂದರು."

ಪಾನಾದ ಸದ್ದು ನಿಂತಿತು. ಕರದಂಟು ತೂಗುತ್ತಿದ್ದ ಅಂದಾನಪ್ಪನ ಕೈ ತಕ್ಕಡಿಯ ಮೇಲೆಯೇ ನಿಂತಿತು. ಈ ಸಲ ಯಾರೂ ನಗಲಿಲ್ಲ.

ಎರಡು ಕಾಲು ಮೊದಲು ಮಡಿಚಿಕೊಂಡವು. ಆಮೇಲೆ ಮಣ್ಣು ಮೆತ್ತಿದ ಹೊಟ್ಟೆ, ಹೆಗಲು, ಕೆಂಪೇರಿದ ಮುಖ. ಅವನು ಇಷ್ಟು ಚುರುಕಾಗಿ ಎದ್ದದ್ದನ್ನು ಆಕೆ ಈಚೆಗೆ ಕಂಡಿರಲಿಲ್ಲ. ಪಾನಾ ಹಿಡಿದುಕೊಂಡೇ ನೇರ ಆಕೆಯ ಕಡೆ ಬಂದ. ಕೈ ಮೇಲೆತ್ತಿದ. ಚಂದ್ರವ್ವ ಸರಿಯಲಿಲ್ಲ. ಅವನ ಮುಖ ನೋಡುವುದನ್ನು ಬಿಟ್ಟು, ಅವನ ಹೆಗಲ ಮೇಲಿಂದ ಆಚೆ ನೋಡುತ್ತಿದ್ದಳು.

ಕಬ್ಬಿಣ ಕಿರುಗುಟ್ಟಿತು. ಜಾಕು ಪಕ್ಕಕ್ಕೆ ಚಿಮ್ಮಿತು. ಗಾಡಿಯ ಹಿಂಭಾಗ ಇಡಿಯಾಗಿ ಕೆಳಗೆ ಕೂತು, ಮುಂದಕ್ಕೆ ಒಂದು ಮಾರು ಸರಿದು, ಅಂಗಡಿಯ ಕಟ್ಟೆಗೆ ತಾಗಿ ನಿಂತಿತು. ಒಳಗೆ ಪಾತ್ರೆ ಉರುಳಿದ ಸದ್ದು ಸ್ವಲ್ಪ ಹೊತ್ತು ಕೇಳಿತು. ಟಾಕಿ ಅಪ್ಪಚ್ಚಿಯಾಗಿ, ಅದರ ಕೊಳೆನೀರು ಅವನು ಈಗಷ್ಟೇ ಮಲಗಿದ್ದ ಜಾಗದ ಮೇಲೆ ಹರಡಿಕೊಂಡಿತು.

ಶಿವಸಂಗಪ್ಪ ಎತ್ತಿದ ಕೈಯನ್ನು ಹಾಗೇ ಹಿಡಿದು ತಿರುಗಿ ನೋಡಿದ. ಕೈ ನಿಧಾನವಾಗಿ ಇಳಿಯಿತು. ಈಗಲಾದರೂ ಒಂದು ಒಳ್ಳೆಯ ಮಾತು ಅಂದಾನು ಎಂದು ಚಂದ್ರವ್ವ ಕಾದಳು. ಕಾದದ್ದು ತನಗೇ ಆಶ್ಚರ್ಯವಾಯಿತು.

ಅವನು ಹತ್ತಿರ ಬಾಗಿ, ಆಕೆಗೊಬ್ಬಳಿಗೇ ಕೇಳುವಂತೆ ಅಂದ: "ಇಷ್ಟ್ ಮಂದ್ಯಾಗ ನನ್ ಹೆಸರ್ ಹಿಡದ್ ಕರದಿ."

"ಹೌದು," ಎಂದಳು ಚಂದ್ರವ್ವ. "ಕರದ್ನಿ."

ಅಷ್ಟರಲ್ಲಿ ಮಂದಿ ಮುತ್ತಿದ್ದರು. ಯಾರೋ ನೀರಿನ ಚೊಂಬು ತಂದು ಕೊಟ್ಟರು. ಯಾರೋ ಬೆನ್ನಿನ ಮಣ್ಣು ಕೊಡವಿದರು. ಎರಡು ಗುಟುಕು ನೀರು ಕುಡಿದ ಮೇಲೆ ಶಿವಸಂಗಪ್ಪನಿಗೆ ಮಾತು ಬಂತು. ಜಾಕು ಹೂಳುವುದು ತನಗೆ ಒಳಗಿನಿಂದಲೇ ತಿಳಿದಿತ್ತು, ಕಬ್ಬಿಣದ ಸದ್ದಿನಲ್ಲೇ ಗೊತ್ತಾಗುತ್ತದೆ, ಅದಕ್ಕೇ ಚಂಗನೆ ಹೊರಗೆ ಬಂದೆ ಎಂದು ಹೇಳತೊಡಗಿದ. ಮೊದಲ ಸಲ ಹೇಳುವಾಗ ದನಿ ನಡುಗುತ್ತಿತ್ತು. ಎರಡನೆಯ ಸಲಕ್ಕೆ ನಡುಗಲಿಲ್ಲ.

ಚಂದ್ರವ್ವ ಗಾಡಿಯ ಮುಂದಿನ ಬಾಗಿಲಿನಿಂದ ಕೈ ಹಾಕಿ ಕೀಲಿಯನ್ನೂ ಅವನ ಮೊಬೈಲನ್ನೂ ತೆಗೆದುಕೊಂಡಳು. ಪುಣೆಯವರಿಗೆ ಫೋನು ಮಾಡಿ, ಸೀರೆ ಕೊಳ್ಳಲು ಬರುವವರಿಂದ ಕಲಿತ ಮರಾಠಿಯಲ್ಲಿ, ಈ ಗಾಡಿ ಬರುವುದಿಲ್ಲ, ಬಂದರೂ ಹತ್ತಬೇಡಿ, ಬೇರೆ ಗಾಡಿ ಮಾಡಿಕೊಳ್ಳಿ ಎಂದಳು. ಆ ಕಡೆಯ ಹೆಂಗಸು ಕಾರಣ ಕೇಳಿದಳು. ಜಾಕಿನಿಂದ ಬಿದ್ದಿದೆ, ನಮ್ಮ ಮನೆಯವರಿಗೆ ಗಾಡಿಯ ಕೆಲಸ ಬರುವುದಿಲ್ಲ ಎಂದು ಚಂದ್ರವ್ವ ಉತ್ತರಿಸಿದಳು. ಅದನ್ನು ಹೇಳಲು ಮರಾಠಿಯಲ್ಲಿ ಬಹಳ ಶಬ್ದ ಬೇಕಾಗಲಿಲ್ಲ. ಆಮೇಲೆ ಕೀಲಿಯನ್ನು ಅಂದಾನಪ್ಪನ ರೊಕ್ಕದ ಗಲ್ಲೆಯ ಮೇಲಿಟ್ಟು, ಗ್ಯಾರೇಜಿನವ ಬಂದು ನೋಡುವವರೆಗೆ ಯಾರಿಗೂ ಕೊಡಬೇಡಿ ಎಂದಳು. ಯಾರಿಗೂ ಎಂದರೆ ಯಾರಿಗೆ ಎಂದು ಅವನು ಕೇಳಲಿಲ್ಲ. ಕೀಲಿಯನ್ನು ಗಲ್ಲೆಯ ಒಳಗೆ ಹಾಕಿ ಮುಚ್ಚಿದ.

ಇಳಕಲ್ಲಿನ ಕಡೆ ಹೋಗುವ ಬಸ್ಸು ಬಂದು ನಿಂತಿತು. ಚಂದ್ರವ್ವ ಮೊಬೈಲನ್ನು ಗಂಡನ ಕೈಗೆ ಕೊಟ್ಟಳು. ಅವನು ಮಾತು ನಿಲ್ಲಿಸದೆ ಇಸಿದುಕೊಂಡು ಜೇಬಿಗೆ ಹಾಕಿಕೊಂಡ. ಬಸ್ಸಿನಲ್ಲಿ ಕಿಟಕಿಯ ಮಗ್ಗುಲು ಜಾಗ ಸಿಕ್ಕಿತು. ಸೀರೆಯ ನೆರಿಗೆ ಸರಿಮಾಡಿಕೊಂಡು ಕೂತಳು.

ಹೊರಗೆ ಮಂದಿ ಹೆಚ್ಚಾಗಿದ್ದರು. ಈಗ ಬಸ್ಸಿಳಿದವರೂ ಸೇರಿಕೊಂಡಿದ್ದರು. ಅವರಿಗೆ ಮೊದಲಿನಿಂದ ಹೇಳಬೇಕಾಗಿದ್ದರಿಂದ ಶಿವಸಂಗಪ್ಪ ನೆರಳು ಬಿಟ್ಟು ರಸ್ತೆಗೇ ಬಂದಿದ್ದ. ಅವನ ಚಪ್ಪಲಿಗಳು ಗಾಡಿಯ ಕೆಳಗೆಲ್ಲೋ ಉಳಿದಿದ್ದವು. ಡಾಂಬರು ಸುಡುತ್ತಿರಬೇಕು. ಒಂದು ಕಾಲೆತ್ತಿ ಇನ್ನೊಂದರ ಮೇಲೆ ನಿಂತು, ಮತ್ತೆ ಅದನ್ನೆತ್ತಿ ಇದರ ಮೇಲೆ ನಿಂತು, ಎರಡೂ ಕೈಯಿಂದ ಗಾಡಿ ಬಿದ್ದ ಬಗೆಯನ್ನು ತೋರಿಸುತ್ತ ಹೇಳುತ್ತಲೇ ಇದ್ದ.